ಕಾಕಿ ಹಣ್ಣು ಕೊಯ್ಯಲು ಕೈಗಳಿಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಜಪಾನ್ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಚೆರ್ರಿ ಹೂವು, ಫ್ಯೂಜಿ ಪರ್ವತ, ಬುಲೆಟ್ ರೈಲು ಎಲ್ಲವೂ ಅದರಲ್ಲಿದ್ದವು. ಆದರೆ ಅಲ್ಲಿನ ಹಳ್ಳಿಯ ಮನೆಗಳಲ್ಲಿ ಋತು ಬದಲಾದಂತೆ ಯಾರ ಪಾಲಿಗೆ ಯಾವ ಕೆಲಸ ಬೀಳುತ್ತದೆ, ಆ ಕೆಲಸಕ್ಕೆ ಈಗ ಜನ ಉಳಿದಿದ್ದಾರೆಯೇ ಎಂಬ ಸಂಗತಿ ಇಂಥ ಲೇಖನಗಳಲ್ಲಿ ಬರುವುದೇ ಇಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗ ನಗೋಯಾದಲ್ಲಿ ಉದ್ಯೋಗದಲ್ಲಿದ್ದಾನೆ, ಸೊಸೆ ಜಪಾನಿನವಳು. ಅವಳ ತವರು ನಾಗಾನೊ ಪ್ರಾಂತದ ದಕ್ಷಿಣದಲ್ಲಿ, ತೆನ್ರ್ಯು ನದಿಯ ಕಣಿವೆಯಲ್ಲಿರುವ ಒಂದು ಹಳ್ಳಿ. ಕಳೆದ ವರ್ಷ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ನಾನೂ ನನ್ನ ಹೆಂಡತಿಯೂ ಬೀಗರ ಮನೆಯಲ್ಲಿದ್ದೆವು. ಬೀಗರಿಗೆ 78 ವರ್ಷ, ಬೀಗಿತಿಗೆ 74. ಮನೆಯಲ್ಲಿ ಅವರಿಬ್ಬರೇ.

ಅವರ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷವನ್ನು ಇಪ್ಪತ್ತನಾಲ್ಕು ಭಾಗ ಮಾಡಿದ ಹಳೆಯ ಎಣಿಕೆಯೂ ಅಚ್ಚಾಗಿದೆ. ಅಕ್ಟೋಬರ್ 23ರ ಸುಮಾರಿಗೆ ಬರುವ ಭಾಗಕ್ಕೆ ‘ಸೋಕೋ’, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಕಾಲ, ಎಂದು ಹೆಸರು. ಆರಿದ್ರಾ ಮಳೆ, ಪುನರ್ವಸು ಮಳೆ ಎಂದು ಲೆಕ್ಕ ಹಾಕಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ದಿನಗಳು ಬಂದವೆಂದರೆ ಕಣಿವೆಯ ಮನೆಗಳಲ್ಲಿ ಕಾಕಿ ಹಣ್ಣಿನ ಕೆಲಸ ಶುರುವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಪರ್ಸಿಮನ್ ಎಂದು ಮಾರುವ ಹಣ್ಣೇ ಇದು; ಆದರೆ ಆ ಕಣಿವೆಯ ‘ಇಚಿದಾ’ ತಳಿ ಮರದಿಂದ ಕಿತ್ತಾಗ ನಾಲಿಗೆ ಮರಗಟ್ಟುವಷ್ಟು ಒಗರು. ಒಣಗಿಸಿದರೆ ಮಾತ್ರ ಸಿಹಿ. ಒಣಗಿಸಿದ ಈ ಹಣ್ಣಿಗೆ 2016ರಲ್ಲಿ ಜಪಾನ್ ಸರ್ಕಾರದ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ.

ಬೀಗಿತಿ ಜಗಲಿಯಲ್ಲಿ ಕುಳಿತು ಹಣ್ಣಿನ ತೊಟ್ಟನ್ನೂ ಅದಕ್ಕೆ ಅಂಟಿದ ಚೋಟುದ್ದದ ಕಡ್ಡಿಯನ್ನೂ ಉಳಿಸಿಕೊಂಡು, ಸಿಪ್ಪೆಯನ್ನು ತುಂಡಾಗದ ಹಾಗೆ ಒಂದೇ ಎಳೆಯಲ್ಲಿ ಹೆರೆಯುತ್ತಿದ್ದರು. ಕಡ್ಡಿಗೆ ದಾರ ಸುತ್ತಿ, ಹಣ್ಣಿಗೆ ಹಣ್ಣು ತಾಗದಂತೆ ಸೂರಿನ ಕೆಳಗೆ ಇಳಿಬಿಡುವುದು ಬೀಗರ ಕೆಲಸ. ಹತ್ತು ದಿನ ಕಳೆದು ಮೇಲ್ಮೈ ಒಣಗಿದ ಮೇಲೆ ಒಂದೊಂದನ್ನೇ ಬೆರಳಲ್ಲಿ ಮೆಲ್ಲನೆ ಹಿಸುಕಬೇಕು. ತಿಂಗಳು ತುಂಬುವ ಹೊತ್ತಿಗೆ ಹಣ್ಣಿನ ಸಕ್ಕರೆಯೇ ಹೊರಬಂದು ಬಿಳಿ ಹುಡಿಯಾಗಿ ಮೈತುಂಬ ಕೂರುತ್ತದೆ. ನನ್ನ ಹೆಂಡತಿ ಮೂರೇ ದಿನದಲ್ಲಿ ಈ ಕೆಲಸ ಕಲಿತಳು. ನನ್ನ ಸಿಪ್ಪೆ ಕೊನೆಯವರೆಗೂ ತುಂಡುತುಂಡಾಗಿಯೇ ಬಂತು. ಶರತ್ಕಾಲದಲ್ಲಿ ಚಳಿ ಹಿಡಿಯದೆ ಸೆಕೆಯೂ ಮಳೆಯೂ ಮುಂದುವರಿದರೆ ತೂಗುಹಾಕಿದ ಹಣ್ಣಿಗೆ ಬೂಷ್ಟು ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಜಪಾನಿನ ಬೇಸಿಗೆ ಒಂದಾದ ಮೇಲೊಂದು ದಾಖಲೆ ಮುರಿಯುತ್ತಿರುವುದರಿಂದ ಬೀಗಿತಿಗೆ ದಿನ ಬೆಳಗಾದರೆ ಅದೇ ಚಿಂತೆ.

ಹಿಂದೆ ಈ ಹೆರೆಯುವ ಕೆಲಸಕ್ಕೆ ಒಂದು ಮನೆಯವರು ಇನ್ನೊಂದು ಮನೆಗೆ ಸರದಿಯಂತೆ ಹೋಗುತ್ತಿದ್ದರಂತೆ. ಇದಕ್ಕೆ ಅವರ ಮಾತಿನಲ್ಲಿ ‘ಯುಇ’ ಎನ್ನುತ್ತಾರೆ. ನಮ್ಮ ಮುಯ್ಯಾಳು ಪದ್ಧತಿಯೇ. ಪಕ್ಕದ ಗಿಫು ಪ್ರಾಂತದ ಶಿರಕಾವಾ-ಗೋ ಹಳ್ಳಿಯ ಹುಲ್ಲು ಹೊದಿಸಿದ ಮನೆಗಳು 1995ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಆ ಕಡಿದಾದ ಮಾಡುಗಳು ತಲೆಮಾರುಗಳ ಕಾಲ ಉಳಿದುಬಂದದ್ದು ಈ ಮುಯ್ಯಾಳುಗಳಿಂದ.

ಈಗ ಮುಯ್ಯಿ ತೀರಿಸಲು ನೆರೆಯವರೇ ಇಲ್ಲ. ಜಪಾನಿನ ಜನರಲ್ಲಿ ನೂರಕ್ಕೆ ಸುಮಾರು 29 ಮಂದಿ 65 ವರ್ಷ ದಾಟಿದವರು. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಬೀಗರ ಪಕ್ಕದ ಮನೆಯೂ ಅವುಗಳಲ್ಲಿ ಒಂದು. ಅಲ್ಲಿದ್ದ ಅಜ್ಜಿ ವೃದ್ಧಾಶ್ರಮ ಸೇರಿ ಮೂರು ವರ್ಷವಾಯಿತು. ಮಕ್ಕಳು ಒಸಾಕಾದಲ್ಲಿದ್ದಾರೆ, ಆಗಸ್ಟ್ ತಿಂಗಳ ಪಿತೃಗಳ ಹಬ್ಬಕ್ಕೂ ಬರುವುದು ಬಿಟ್ಟಿದ್ದಾರೆ. ಅಂಗಳದ ಎರಡು ಕಾಕಿ ಮರಗಳು ಮಾತ್ರ ಎಂದಿನಂತೆ ಹಣ್ಣು ಬಿಡುತ್ತವೆ. ಎಲೆ ಉದುರಿದ ಮರದಲ್ಲಿ ನೂರಾರು ಕೆಂಪು ಹಣ್ಣುಗಳು ಜೋತಾಡುವ ನೋಟ ಬಹಳ ಚೆಂದ. ನಾನೂ ಚಿತ್ರ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದ್ದೆ. ಅದನ್ನು ನೋಡಿದ ಬೀಗರು ನಗಲಿಲ್ಲ.

ಕಾರಣ ಆ ಸಂಜೆ ಗೊತ್ತಾಯಿತು. ಊರಿಗೆಲ್ಲ ಕೇಳುವಂತೆ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ, ಕರಡಿ ಕಂಡಿದೆ, ಕತ್ತಲಾದ ಮೇಲೆ ಹೊರಬರಬೇಡಿ, ಕೊಯ್ಯದೆ ಬಿಟ್ಟ ಕಾಕಿಯನ್ನು ಕೂಡಲೇ ಕೊಯ್ದು ಮುಗಿಸಿ ಎಂಬ ಪ್ರಕಟಣೆ ಬಂತು. ಕಾಡಿನಲ್ಲಿ ಓಕ್, ಬೀಚ್ ಮರಗಳ ಕಾಯಿ ಕೈಕೊಟ್ಟ ವರ್ಷ ಕರಡಿಗಳು ಹಸಿದು ಕೆಳಗಿಳಿಯುತ್ತವೆ; ಹಿಂದೆ ಅವುಗಳನ್ನು ದೂರವಿಡುತ್ತಿದ್ದ ಗದ್ದೆ, ಹುಲ್ಲುಗಾವಲು, ಜನರ ಓಡಾಟ ಇಲ್ಲವಾದ್ದರಿಂದ ನೇರವಾಗಿ ಅಂಗಳಕ್ಕೇ ಬರುತ್ತವೆ. ಏಪ್ರಿಲ್ 2023ರಿಂದ ಒಂದು ವರ್ಷದಲ್ಲಿ ದೇಶದಾದ್ಯಂತ 219 ಮಂದಿ ಕರಡಿ ದಾಳಿಗೆ ಸಿಕ್ಕರು, ಅವರಲ್ಲಿ ಆರು ಮಂದಿ ಸತ್ತರು. 2025ರಲ್ಲಿ ಸತ್ತವರ ಸಂಖ್ಯೆ ಹತ್ತನ್ನೂ ದಾಟಿತು.

ಹಾಗಾದರೆ ನೀವೇ ಏಕೆ ಕೊಯ್ಯಬಾರದು ಎಂದು ಮಗನ ಮೂಲಕ ಕೇಳಿಸಿದೆ. ಪರರ ಮರದ ಹಣ್ಣು ಮುಟ್ಟಲು ಒಡೆಯರ ಒಪ್ಪಿಗೆ ಬೇಕು. ಬೇಲಿ ದಾಟಿ ಬಂದ ಕೊಂಬೆಯನ್ನು, ಮೊದಲು ತಿಳಿಸಿಯೂ ಅವರು ಕಡಿಯದಿದ್ದರೆ, ನೆರೆಯವರೇ ಕಡಿಯಬಹುದೆಂದು ಕಾನೂನು ತಿದ್ದುಪಡಿಯಾದದ್ದು 2023ರಲ್ಲಿ. ಪಿತ್ರಾರ್ಜಿತ ಆಸ್ತಿಯನ್ನು ವಾರಸುದಾರರು ತಮ್ಮ ಹೆಸರಿಗೆ ನೋಂದಾಯಿಸುವುದು ಕಡ್ಡಾಯವಾದದ್ದು 2024ರಲ್ಲಿ. ಇಷ್ಟೆಲ್ಲ ಆದರೂ ಏಣಿ ಹತ್ತಬೇಕಾದವರು 78 ವರ್ಷದ ಬೀಗರೇ. ಮಲೆನಾಡಿನಲ್ಲಿ ಮಂಗಗಳ ಹಾವಳಿಗೆ ತೋಟದ ಫಸಲು ಬಿಟ್ಟುಕೊಟ್ಟು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಕೂತಿರುವ ನನ್ನಂಥವನಿಗೆ ಮುಂದೆ ಏನೂ ಕೇಳಬೇಕೆನಿಸಲಿಲ್ಲ.

ಆ ಶನಿವಾರ ಮಗ, ಸೊಸೆ ಬಂದರು. ಒಸಾಕಾಕ್ಕೆ ಫೋನು ಮಾಡಿ ಒಪ್ಪಿಗೆ ಪಡೆದು, ಎರಡು ದಿನ ನಾವೆಲ್ಲ ಸೇರಿ ಎರಡೂ ಅಂಗಳಗಳ ಹಣ್ಣು ಇಳಿಸಿದೆವು. ಮರದ ತುದಿಯಲ್ಲಿ ಹಕ್ಕಿಗಳಿಗೆಂದೂ ಮುಂದಿನ ಫಸಲಿಗೆಂದೂ ಒಂದು ಹಣ್ಣನ್ನು ಉಳಿಸುವುದು ಅಲ್ಲಿನ ಹಳೆಯ ವಾಡಿಕೆ. ‘ಕಿಮಾಮೊರಿ’ ಎನ್ನುತ್ತಾರೆ, ಮರದ ಕಾವಲು ಎಂದರ್ಥ. ಪ್ರಕಟಣೆಯ ಪ್ರಕಾರ ಅದನ್ನೂ ಬಿಡಬಾರದು. ಕೆಳಗೆ ಏಣಿ ಹಿಡಿದಿದ್ದ ಬೀಗರು ಮೇಲೆ ನೋಡುತ್ತ ಬಹಳ ಹೊತ್ತು ನಿಂತು, ಕೊನೆಗೆ ಕಿತ್ತುಬಿಡು ಎಂದು ಮಗನಿಗೆ ಸನ್ನೆ ಮಾಡಿದರು.

ತಮ್ಮ ಪತ್ರಿಕೆ ಮತ್ತೊಮ್ಮೆ ಜಪಾನಿನ ಬಗ್ಗೆ ಬರೆಸುವುದಾದರೆ, ಲೇಖಕರನ್ನು ಏಪ್ರಿಲ್ ಬದಲು ನವೆಂಬರಿನಲ್ಲಿ ಕಳುಹಿಸಬೇಕೆಂದು ಕೋರುತ್ತೇನೆ. ಏಣಿ ಹತ್ತಬಲ್ಲವರಾದರೆ ನಮ್ಮ ಬೀಗರ ಮನೆಯಲ್ಲಿ ಊಟ, ವಸತಿಗೆ ತೊಂದರೆಯಾಗದು.

ಇತಿ,
ಶಿರಸಿ ತಾಲ್ಲೂಕಿನ ಒಬ್ಬ ಓದುಗ