ಸಾಗುವಾನಿ ಕುಯ್ಯುವ ಮುಂಚೆ: ಮಗಳಿಗೊಂದು ಪತ್ರ

ದಾವಣಗೆರೆ, ಭಾನುವಾರ

ಮಗಳೇ,

"ಅಪ್ಪಾ, ಮೇಲಿನ ಹೊಲದ ಸಾಗುವಾನಿ ಕುಯ್ಸೋದು ನಾನೇ ನೋಡ್ಕೊಳ್ತೀನಿ" ಅಂದೆಯಲ್ಲ, ಖುಷಿಯಾಯಿತು. ಎದೆ ಝಲ್ ಅಂತಲೂ ಅಂದಿತು. ಕಾಲಿಗೆ ಪಟ್ಟು ಹಾಕಿಸಿಕೊಂಡು ಅತ್ತೆ ಮನೆಯಲ್ಲಿ ಕೂತವನು ಬುದ್ಧಿ ಹೇಳುತ್ತಾನೆ ಅಂತ ನಗಬೇಡ. ಫೋನಲ್ಲಿ ಹೇಳಿದರೆ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತೀಯ, ಅದಕ್ಕೇ ಬರೆದೆ.

ಹೊಳಲ್ಕೆರೆ ಅರಣ್ಯ ಕಚೇರಿಯ ಅನುಮತಿ ಕಾಗದ ನನ್ನ ಟ್ರಂಕಿನಲ್ಲಿದೆ. ನಾವೇ ನೆಟ್ಟು ನೀರು ಹಾಕಿದ್ದಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಸಾಗುವಾನಿಯನ್ನು ಸುಮ್ನೆ ಮುಟ್ಟೋಕೆ ಬಿಡೋದಿಲ್ಲ. ಬಳ್ಳಾರಿ ಜಾಲಿಯಾಗಿದ್ದರೆ ಈ ಗೋಳಿರಲಿಲ್ಲ. ಕಾಗದದಲ್ಲಿರುವ ಐದು ಸಾಲು ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡ.

ಈಗ ನನ್ನ ಕಾಲಿನ ವಿಷಯ. ಬದುವಿನ ಮೇಲೆ ಜಾರಿ ಬಿದ್ದೆ ಅಂತ ಅವ್ವನಿಗೆ ಹೇಳಿದ್ದು ಸುಳ್ಳು. ಆವತ್ತು ಕುಯ್ದ ಮರ ನನ್ನ ತೊಡೆಯಷ್ಟೂ ದಪ್ಪವಿರಲಿಲ್ಲ. ವಾಲಿತು, ಬೀಳಲಿಲ್ಲ. ಪಕ್ಕದ ಮರದ ಕವೆಯಲ್ಲಿ ತಗಲಾಕಿಕೊಂಡು ನಿಂತಿತು. ಆಸರೆ ಕೊಟ್ಟ ಮರ ಕುಯ್ದರೆ ಎರಡೂ ಬೀಳುತ್ತವೆ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯೇ ಇತ್ತು, ಎರಡೂ ಬಿದ್ದವು. ನಾನು ಎಲ್ಲಿ ನಿಂತಿರುತ್ತೇನೆ ಅನ್ನೋದೊಂದು ಲೆಕ್ಕಕ್ಕೆ ಬಂದಿರಲಿಲ್ಲ.

ದೊಡ್ಡ ಮರ ಕಂಡರೆ ಯಾರಾದರೂ ಹೆದರಿ ದೂರ ನಿಲ್ಲುತ್ತಾರೆ. ಸಣ್ಣದು ಅಂದ ಕೂಡಲೇ ಸಸಾರ. ಸಣ್ಣ ಮರಕ್ಕೆ ತೂಕ ಕಮ್ಮಿ, ಒತ್ತಾಗಿ ನೆಟ್ಟಿದ್ದೇವೆ, ಹಾಗಾಗಿ ಪಕ್ಕದ ಕೊಂಬೆ ಸೀಳಿಕೊಂಡು ಇಳಿಯುವಷ್ಟು ಭಾರ ಅದಕ್ಕಿರೋದಿಲ್ಲ. ತಗಲಾಕಿಕೊಂಡರೆ ಅದರಡಿಗೆ ಹೋಗಬೇಡ, ಹತ್ತಲೂಬೇಡ, ಆಸರೆ ಮರಕ್ಕೆ ಗರಗಸ ಇಡಲೇಬೇಡ. ಬುಡಕ್ಕೆ ಹಗ್ಗ ಬಿಗಿದು ಟ್ರ್ಯಾಕ್ಟರಿನಲ್ಲಿ ಹಿಂದಕ್ಕೆ ಎಳೆಸು. ಹಗ್ಗ ಉದ್ದ ಇರಲಿ.

ನಾನು ಸಾಲಿನ ನಡುವಿನಿಂದ ಶುರು ಮಾಡಿದ್ದೇ ಮೊದಲ ತಪ್ಪು. ನೀನು ಮೆಕ್ಕೆಜೋಳ ಕಟಾವಾಗಿ ಬಯಲಾಗಿದೆಯಲ್ಲ, ಆ ಅಂಚಿನಿಂದ ಹಿಡಿ. ಬಯಲಿಗೇ ಕೆಡವುತ್ತಾ ಒಳಗೆ ಹೋಗು. ಗರಗಸ ಮುಟ್ಟುವ ಮುಂಚೆ ತಲೆಯೆತ್ತಿ ನೋಡು: ಮರ ಎತ್ತ ವಾಲಿದೆ, ಒಣಕೊಂಬೆ ಇದೆಯಾ. ಓಡಿಹೋಗುವ ದಾರಿಯಲ್ಲಿ ಕಡ್ಡಿ, ಬಳ್ಳಿ ಸವರಿಸು. ದಾರಿ ಅಂದರೆ ನೇರ ಹಿಂದಕ್ಕಲ್ಲ, ಓರೆಯಾಗಿ ಹಿಂದಕ್ಕೆ, ಯಾಕಂದರೆ ಬೀಳುವಾಗ ಬುಡ ಹಿಂದಕ್ಕೇ ಒದೆಯುತ್ತದೆ. ಮರದ ಎರಡು ಉದ್ದದಷ್ಟು ಜಾಗದಲ್ಲಿ ಕುಯ್ಯುವವರು, ಅವರಿಗೆ ಕೈಜೋಡಿಸುವ ಒಬ್ಬರು ಬಿಟ್ಟು ಬೇರೆ ಯಾರೂ ನಿಲ್ಲಬಾರದು, ದನವೂ ಇರಬಾರದು.

ಬೀಳಬೇಕಾದ ಕಡೆ ಮೊದಲು ಬಾಯಿ ತೆರೆದ ಹಾಗೆ ಓರೆಯಾಗಿ ಒಂದು ಕಚ್ಚು ಹಾಕಿಸು, ದಪ್ಪದ ಕಾಲು ಭಾಗ ಸಾಕು. ಆಮೇಲೆ ಹಿಂದಿನಿಂದ, ಕಚ್ಚಿನ ಮೂಲೆಗಿಂತ ಒಂದು ಬೆರಳು ಮೇಲೆ ಕುಯ್ಯಬೇಕು. ಪೂರ್ತಿ ಅಲ್ಲ. ಗೇಣು ದಪ್ಪದ ಮರದಲ್ಲಿ ನಡುವೆ ಹೆಬ್ಬೆರಳಿನಷ್ಟು ಉಳಿಸಬೇಕು. ಅದು ಬಾಗಿಲಿನ ಕೀಲಿದ್ದ ಹಾಗೆ, ಮರ ಅದರ ಮೇಲೆ ತಿರುಗಿ ಬೀಳುತ್ತದೆ. ಅದನ್ನೂ ಕುಯ್ದುಬಿಟ್ಟರೆ ಯಾವ ಕಡೆ ಬೀಳುತ್ತೋ ದೇವರಿಗೇ ಗೊತ್ತು.

ಮರ ಹಿಂದಕ್ಕೆ ಕೂರದಿರಲಿ ಅಂತ ಹಿಂದೆ ಕುಯ್ದ ಸೀಳಿಗೆ ಹೊಡೆಯುವ ಬೆಣೆಯದೊಂದು ಪೀಕಲಾಟ. ಇಷ್ಟು ಸಣ್ಣ ಮರದಲ್ಲಿ ಮಿಷಿನ್ ಗರಗಸದ ಚೈನ್ ಓಡುವ ಪಟ್ಟಿ ಒಳಗಿರುವಾಗ ಬೆಣೆಗೆ ಜಾಗವೇ ಇರುವುದಿಲ್ಲ, ಹೊಡೆದರೆ ಚೈನಿಗೇ ತಾಗುತ್ತದೆ. ಅದಕ್ಕೆ ಕವೆಯಿರುವ ಉದ್ದ ಗಳ ಒಂದು ಇಟ್ಟುಕೋ. ಒಬ್ಬರು ಹಿಂದಿನಿಂದ ಎರಡಾಳೆತ್ತರಕ್ಕೆ ಆನಿಸಿ ಒತ್ತಿ ಹಿಡಿದರೆ ಸಾಕು, ಮರ ಹಿಂದಕ್ಕೆ ಕೂತು ಪಟ್ಟಿ ಕಚ್ಚಿಕೊಳ್ಳೋದಿಲ್ಲ. ಮೇಲೆ ಒತ್ತಿದಷ್ಟೂ ಬಲ ಕಮ್ಮಿ ಸಾಕಾಗುತ್ತೆ. ಗಂಜಿಗುಂಟೆ ಕಡೆಯಿಂದ ಬರುವ ಆಳುಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಿಷಿನ್ ಹಿಡಿದ ಹುಡುಗರಿಗೆ ಮಾತ್ರ ಅವಸರ ಜಾಸ್ತಿ.

ಚೈನ್ ಹರಿತವಾಗಿದೆಯಾ ಅಂತ ಹೊಟ್ಟು ನೋಡಿದರೆ ಗೊತ್ತಾಗುತ್ತೆ. ಚಕ್ಕೆ ಚಕ್ಕೆಯಾಗಿ ಬಂದರೆ ಸರಿ, ಹಿಟ್ಟಿನಂತೆ ಉದುರಿದರೆ ಅರ ಹಾಕಿಸು. ಮಿಷಿನ್ ನಿನ್ನ ಕೈಗೆ ಬಂದರೆ ಪಟ್ಟಿಯ ತುದಿ ಮರಕ್ಕೆ ತಾಗಿಸಬೇಡ, ಮುಖಕ್ಕೇ ಎಗರುತ್ತೆ. ದುಪಟ್ಟ ಮನೆಯಲ್ಲೇ ಬಿಡು. ಹೆಲ್ಮೆಟ್, ಕನ್ನಡಕ, ಗಟ್ಟಿ ಶೂ ಹಾಕ್ಕೋ.

ಗುಡ್ಡದ ಮೇಲಿನ ಗಾಳಿಯಂತ್ರ ಜೋರಾಗಿ ತಿರುಗುತ್ತಿದ್ದರೆ ಆ ದಿನ ಕೆಲಸ ಬೇಡ. ಕೂಲಿ ದಂಡವಾದರೂ ಪರವಾಗಿಲ್ಲ, ಚಹಾ ಕುಡಿಸಿ ಕಳಿಸು.

ಕಾಗದ ತೆಗೆದುಕೊಂಡ ಮೇಲೆ ಈ ಪತ್ರವನ್ನು ಟ್ರಂಕಿನ ತಳದಲ್ಲಿಡು. ಅವ್ವನ ಕಣ್ಣಿಗೆ ಬಿದ್ದರೆ ನಾನು ಇನ್ನೊಂದು ತಿಂಗಳು ಇಲ್ಲೇ ಇರಬೇಕಾಗುತ್ತೆ.

ನಿನ್ನ ಅಪ್ಪ