ಕರಿಯನ ಹೊಲಿಗೆ ಬಿಚ್ಚಿದ ಮೇಲೆ

ನಮ್ಮ ನಾಯಿ ಕರಿಯನ ಕಂಕುಳಿನಿಂದ ತೆಗೆದದ್ದು ನಿರಪಾಯಕಾರಿಯಾದ ಕೊಬ್ಬಿನ ಗಡ್ಡೆಯೇ, ಅಂದರೆ ಲಿಪೋಮಾ ಎಂದು ಅಂತಿಮ ವರದಿ ಬಂದಿದೆ. ನಿನ್ನೆ ಹೊಲಿಗೆಯನ್ನೂ ಬಿಚ್ಚಿದರು. ಆಟಿ ತಿಂಗಳ ಮಳೆಯುದ್ದಕ್ಕೂ ವಿಚಾರಿಸುತ್ತಿದ್ದ ನಿಮಗೆಲ್ಲ ಉಳಿದ ವಿವರಗಳು ಗೊತ್ತೇ ಇವೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ಮಣಿಪಾಲದಿಂದ ಕಾರು ತಂದ ಭಾವನಿಗೆ, ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕಾಲರನ್ನು ಹುಡುಕಿಕೊಟ್ಟ ಮೆಡಿಕಲ್ ಅಂಗಡಿಯ ಹುಡುಗನಿಗೆ ವಂದನೆಗಳು.

ಕುಂಜಿಬೆಟ್ಟಿನಲ್ಲಿ ನಮ್ಮ ಹಿತ್ತಿಲಿನಾಚೆ, ಪಶು ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನಮಗೆಲ್ಲ ಅವರು ಮಾವ. ಗಂಟು ಕಂಡಾಗ ಬಂದವರೆಲ್ಲ ಒತ್ತಿ ನೋಡಿ, ಮೆತ್ತಗಿದೆ, ಚರ್ಮದಡಿ ಜಾರುತ್ತದೆ, ವಯಸ್ಸಾದ ದಪ್ಪ ನಾಯಿಗೆ ಇದು ಸಾಮಾನ್ಯ, ಹೆದರಬೇಡಿ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವ ಮಾತ್ರ, "ಮಾಸ್ಟ್ ಸೆಲ್ ಎಂಬ ಕೆಟ್ಟ ಗಡ್ಡೆಯೂ ಒಮ್ಮೊಮ್ಮೆ ಕೈಗೆ ಹೀಗೆಯೇ ಸಿಗುತ್ತದೆ, ಸೂಜಿ ಹಾಕಿ ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ತನಕ ನಾನು ಏನೂ ಹೇಳುವುದಿಲ್ಲ" ಎಂದರು. ಸೂಜಿಯಲ್ಲಿ ಬಂದದ್ದು ಬರಿಯ ಕೊಬ್ಬು. ಆದರೂ ಗಡ್ಡೆ ನಡಿಗೆಗೆ ಅಡ್ಡ ಬರುತ್ತಿದ್ದುದರಿಂದ ತೆಗೆಸಬೇಕಾಯಿತು.

ಶಸ್ತ್ರಚಿಕಿತ್ಸೆಯಾದ ಮರುರಾತ್ರಿ ಹೊಲಿಗೆಯ ಕೆಳಗೆ ಊದಿಕೊಂಡು, ಕೆಂಪು ನೀರು ಜಿನುಗತೊಡಗಿದಾಗ ಕರೆಂಟು ಇರಲಿಲ್ಲ, ನನ್ನ ಕೈ ನಡುಗುತ್ತಿತ್ತು. ಮಾವ ಟಾರ್ಚು ಹಿಡಿದು ಬಂದವರೇ ವೈದ್ಯರಿಗೆ ಫೋನು ಮಾಡಿ, ಶುಭ್ರವಾದ ಬಟ್ಟೆ ಒತ್ತಿ ಕುಳಿತರು. ದೊಡ್ಡ ಗಡ್ಡೆ ತೆಗೆದ ಜಾಗ ಒಳಗೆ ಪೊಳ್ಳಾಗಿರುವುದರಿಂದ ಅಲ್ಲಿ ನೀರು ತುಂಬುವುದುಂಟೆಂದೂ, ತಿಳಿಗೆಂಪಾಗಿ ನಿಧಾನಕ್ಕೆ ಒಸರಿದರೆ ಕಾಯಬಹುದೆಂದೂ, ಹಸಿ ರಕ್ತ ನಿಲ್ಲದೆ ಸುರಿದರೆ ಅಥವಾ ಒಸಡು ಬಿಳಿಚಿಕೊಂಡರೆ ಆ ಕ್ಷಣವೇ ಹೊರಡಬೇಕೆಂದೂ ಬಿಡಿಸಿ ಹೇಳಿದರು. ಬೆಳಗಾಗುವವರೆಗೆ ಆಗಾಗ ಕರಿಯನ ತುಟಿ ಎತ್ತಿ ಒಸಡಿನ ಬಣ್ಣ ನೋಡುತ್ತಿದ್ದರು.

ನಮ್ಮ ಅತ್ತಿಗೆಯ ಜೀವ ಕೊಂಡೊಯ್ದದ್ದೂ ಒಂದು ಗಂಟೇ. ಅಂದು ಎಲ್ಲರೂ ಏನೂ ಆಗುವುದಿಲ್ಲ ಎಂದಿದ್ದರು, ನಾನೂ ಹೇಳಿದ್ದೆ. ಆ ರಾತ್ರಿ ನಾಯಿಯ ಪಕ್ಕದಲ್ಲಿ ಕುಳಿತು ನಾನು ಅತ್ತದ್ದು ಕರಿಯನಿಗಾಗಿ ಮಾತ್ರ ಆಗಿರಲಿಲ್ಲ. ಮಾವ ಸಮಾಧಾನದ ಮಾತೊಂದನ್ನೂ ಆಡದೆ, ಎದ್ದೂ ಹೋಗದೆ ಅಲ್ಲೇ ಇದ್ದರು. ಅವರಿಗೆ ನಾನು ಋಣಿಯಾಗಿರುವುದು ಮುಖ್ಯವಾಗಿ ಅದಕ್ಕೆ.

ಕರಿಯ ಈಗ ನಾಲ್ಕೂ ಕಾಲೂರಿ ಸರಿಯಾಗಿ ನಡೆಯುತ್ತಿದ್ದಾನೆ. ಹೊಟ್ಟೆಯ ಬಳಿ ಬಟಾಣಿಯಷ್ಟು ದೊಡ್ಡದಾದ ಇನ್ನೊಂದು ಗಂಟು ಕಂಡಿದೆ. ಒಂದರ ವರದಿ ಇನ್ನೊಂದಕ್ಕೆ ಸಲ್ಲದೆಂದು ಮಾವ ಅಳತೆ ಬರೆದಿಟ್ಟಿದ್ದಾರೆ. ಮುಂದಿನ ವಾರ ಅದಕ್ಕೂ ಸೂಜಿ ಹಾಕಿಸಲು ಅವರೇ ಜೊತೆಗೆ ಬರುತ್ತಾರಂತೆ.