ನಿನ್ನ ಪುಸ್ತಕಕ್ಕೆ ಚಿತ್ರ ಬೇಡ, ದೋಸ್ತ

ಪ್ರೀತಿಯ ದೋಸ್ತ,

ನಿನ್ನ ಕಥಾಸಂಕಲನಕ್ಕೆ ನಾನು ಮಾಡಿದ ಮುಖಪುಟ ನೋಡಿ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಇದ್ಯಾವ ಪಕ್ಷದ ಪಾಂಪ್ಲೆಟ್ ಲೇ?" ಕಿತ್ತಳೆ, ಬಿಳಿ, ಮತ್ತೆ ಕಿತ್ತಳೆ. ಕಥಾಸಂಕಲನ ಅಂದಮೇಲೆ ಒಂದು ಹುಡುಗಿ, ಒಂದು ಕಿಟಕಿ, ಒಂದಿಷ್ಟು ಮಳೆ ಬೇಡವಾ ಅಂದೆ. ಬೆಳಗಾವಿಯಲ್ಲಿ ಮಳೆ ಇರುವುದೇ ಜಾಸ್ತಿ, ಪುಸ್ತಕದ ಮೇಲೂ ಯಾಕೆ? ಉತ್ತರ ಉದ್ದ ಇದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ. ನಾಲ್ಕು ಜನರೇ, ನೀವೂ ಓದಿ. ಆಮೇಲೆ ಇವನ ಪುಸ್ತಕ ಕೊಳ್ಳಿ.

ಕ್ಯಾಂಪಿನ ರದ್ದಿ ಅಂಗಡಿಯಲ್ಲಿ ನೀನು ಕಥೆ ಓದುತ್ತಾ ನಿಲ್ಲುತ್ತಿದ್ದೆ, ನಾನು ಪುಸ್ತಕಗಳ ಬೆನ್ನು ನೋಡುತ್ತಿದ್ದೆ. ಕಿತ್ತಳೆ ಬೆನ್ನು ಅಂದರೆ ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದ ಕಾದಂಬರಿ. ಹಸಿರು ಅಂದರೆ ಪತ್ತೇದಾರಿ. ಕಡುನೀಲಿ ಅಂದರೆ ಜೀವನಚರಿತ್ರೆ. 1935ರಲ್ಲಿ ಅಲೆನ್ ಲೇನ್ ಹತ್ತು ಪುಸ್ತಕಗಳೊಂದಿಗೆ ಈ ಮಾಲೆ ಶುರು ಮಾಡಿದ. ಬೆಲೆ ಆರು ಪೆನ್ಸ್. ಮೂರು ಅಡ್ಡಪಟ್ಟಿ, ಗಿಲ್ ಸ್ಯಾನ್ಸ್ ಅಕ್ಷರ, ಕೆಳಗೊಂದು ಹಕ್ಕಿ. ಆ ಹಕ್ಕಿಯನ್ನು ಬರೆದವನು ಎಡ್ವರ್ಡ್ ಯಂಗ್, 21ರ ಹುಡುಗ. ಅವನನ್ನು ಲಂಡನ್ ಮೃಗಾಲಯಕ್ಕೆ ಕಳಿಸಿ ಬರೆಸಿದರು. ಹಾಗೆ ನೋಡಿದರೆ ಬಣ್ಣದ ಗುರುತು, ಪುಸ್ತಕದ ಅಳತೆ, ಹಕ್ಕಿಯ ಹೆಸರಿಡುವ ಉಪಾಯ ಎಲ್ಲವೂ 1932ರಲ್ಲೇ ಜರ್ಮನಿಯ ಆಲ್ಬಟ್ರಾಸ್ ಮಾಲೆಯಲ್ಲಿ ಇದ್ದವು. ಆದ್ದರಿಂದ ನಾನು ಕದ್ದೆ ಅನ್ನಬೇಡ. ಕದ್ದ ಮಾಲನ್ನು ಕದ್ದೆ, ಅಷ್ಟೇ.

ನನಗೆ ಹುಚ್ಚು ಹಿಡಿಸಿದವನು ಮಾತ್ರ ಪುಸ್ತಕ ವಿನ್ಯಾಸಕಾರ ಯಾನ್ ಚಿಕೋಲ್ಡ್. 1947ರಲ್ಲಿ ಪೆಂಗ್ವಿನ್‌ಗೆ ಬಂದ. ಪಟ್ಟಿಗಳನ್ನು ಹಾಗೇ ಉಳಿಸಿದ. ಅಕ್ಷರಗಳ ನಡುವಿನ ಸಂದು ಹದ ಮಾಡಿದ, ಹಕ್ಕಿಯನ್ನು ತಿದ್ದಿದ, ಅಕ್ಷರ ಜೋಡಿಸುವವರಿಗೆ ನಾಲ್ಕು ಪುಟದ ನಿಯಮ ಬರೆದುಕೊಟ್ಟ. ಹಳೆಯದು ಹೊಸದು ಪಕ್ಕ ಇಟ್ಟರೆ ಏನು ಬದಲಾಯಿತು ಅಂತ ಥಟ್ಟನೆ ಹೊಳೆಯುವುದಿಲ್ಲ. ಕಣ್ಣಿಗೆ ಮಾತ್ರ ಹಾಯೆನಿಸುತ್ತದೆ. ನಾನಿಲ್ಲಿ ಲಗ್ನಪತ್ರಿಕೆಗೆ "ಇನ್ನೊಂದು ನವಿಲು ಹಾಕ್ರಿ" ಅನ್ನಿಸಿಕೊಂಡು ಕೂತವನು. ನನಗೆ ಅವನು ದೇವರೇ.

ಆದರೆ ಅವನಿಗೆ ಒತ್ತಕ್ಷರದ ಕಾಟ ಇರಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮ ಒತ್ತು ಕೆಳಗಿಳಿದು ಪಟ್ಟಿಗೆ ಕಾಲು ತಾಗಿಸುತ್ತದೆ. ನಿನ್ನ ಶೀರ್ಷಿಕೆಯಲ್ಲಿ ಮೂರು ಒತ್ತು! ಬಿಳಿ ಪಟ್ಟಿ ಅಗಲ ಮಾಡಿದರೆ ಕಿತ್ತಳೆ ಸಣಕಲಾಗುತ್ತದೆ. ಇದರ ಮೇಲೆ ಬಿಲ್ ಮಾಡಿದರೆ ನೀನು ಊರಿಗೇ ಬರಲಾರೆ.

ಚಿತ್ರ ಯಾಕಿಲ್ಲ ಅಂತ ತಾನೇ ನಿನ್ನ ಪ್ರಶ್ನೆ? ಮುಖಪುಟದ ಮೇಲೆ ಚಿತ್ರ ಲೇನ್‌ಗೂ ಸೇರುತ್ತಿರಲಿಲ್ಲ. ಆದರೂ ಅದು ಬಂದೇ ಬಂತು. 1961ರಲ್ಲಿ ರೋಮೆಕ್ ಮಾರ್ಬರ್ ಅನ್ನುವ ವಿನ್ಯಾಸಕಾರ ಪೆಂಗ್ವಿನ್ನಿನ ಪತ್ತೇದಾರಿ ಪುಸ್ತಕಗಳಿಗೆ ಹೊಸ ಚೌಕಟ್ಟು ಮಾಡಿದ. ಮೇಲಿನ ಮೂರನೇ ಒಂದು ಭಾಗ ಹೆಸರಿಗೆ, ಉಳಿದದ್ದು ಚಿತ್ರಕ್ಕೆ. ತುಂಬಾ ಚೆನ್ನಾಗಿದೆ. ನಿನಗೂ ಅದನ್ನೇ ಮಾಡಲು ಕೂತಿದ್ದೆ. ಚಿತ್ರ ಹಾಕಬೇಕೆಂದರೆ ಕಥೆ ಓದಬೇಕಲ್ಲ. ಓದಿದೆ.

ಮೂರನೆಯದನ್ನೂ ಓದಿದೆ.

ಅದರ ನಾಯಕ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಲಗ್ನಪತ್ರಿಕೆಯ ಕಾಗುಣಿತ ಯಾರೂ ಕೇಳದಿದ್ದರೂ ತಿದ್ದುವವನು. ಗೇಟು ಬಿದ್ದಾಗ ಸ್ಕೂಟರ್ ಬಂದ್ ಮಾಡಿ, ಬೆಂಗಳೂರಿಗೆ ಹೋದ ಗೆಳೆಯನಿಗೆ ಮನಸ್ಸಿನಲ್ಲೇ ಒಳ್ಳೆಯದು ಬಯಸುವವನು. ಎಷ್ಟು ಒಳ್ಳೆಯವನಪ್ಪಾ! ನಾನು ಹಾಗೆ ಬಯಸಿಲ್ಲ, ದೋಸ್ತ. ನಿನ್ನ ಮೊದಲ ಕಥೆ ಅಚ್ಚಾದಾಗ ಓದದೇ "ಭಾರಿ ಆಗೇತಿ" ಅಂತ ಮೆಸೇಜ್ ಹಾಕಿದ್ದೆ. ಇನ್ನೊಂದು ಮಾತು. ನಿನ್ನ ಕಥೆಯವನು ಜೀವನದಲ್ಲಿ ಒಂದು ಸಾಲೂ ಬರೆದವನಲ್ಲ. ನಾನು ಬರೆದಿದ್ದೆ. ನೀನು ಓದಿದ್ದೆ ಕೂಡ.

ಚಿತ್ರ ಮಾಡಿದ್ದೆ. ಮುಚ್ಚಿದ ಗೇಟು, ಸ್ಕೂಟರ್, ಆ ಮನುಷ್ಯನ ಬೆನ್ನು. ಚೆನ್ನಾಗಿಯೇ ಬಂದಿತ್ತು. ಅಳಿಸಿದೆ. ಚಿಕೋಲ್ಡ್ ಬಗ್ಗೆ ಹೇಳಿದ್ದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಕಿತ್ತಳೆ ಪಟ್ಟಿಯಲ್ಲಿ ಯಾರೂ ಕಾಣುವುದಿಲ್ಲ.

ಇಷ್ಟು ಬರೆಯುವ ಇರಾದೆ ಇರಲಿಲ್ಲ. ಕರೆಂಟ್ ಹೋಗಿದೆ, ನವಿಲುಗಳು ಅರ್ಧಕ್ಕೆ ನಿಂತಿವೆ, ಸುಮ್ನೆ ಕೂತವನ ಕೈ. ನಾಲ್ಕು ಜನರೇ, ಇನ್ನೂ ಇದ್ದೀರಾ? ಮನೆಗೆ ನಡೀರಿ.

ಕಥೆ ಬದಲಿಸಬೇಡ. ಅವನಿಗೆ ಕೊಟ್ಟ ಸ್ಕೂಟರ್ ಮಾತ್ರ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ಸ್ವಲ್ಪ ಕೆಡಿಸು. ಪಟ್ಟಿ ಬರೇ ಬೋಳು ಅನ್ನಿಸಿದರೆ ಹೇಳು. ಲಂಡನ್ ದೂರ, ಭೂತರಾಮನಹಟ್ಟಿ ಮೃಗಾಲಯಕ್ಕೆ ಹೋಗಿ ಅಲ್ಲಿ ಸಿಕ್ಕ ಹಕ್ಕಿಯನ್ನು ಬರೆದುಕೊಂಡು ಬರುತ್ತೇನೆ. ಬಸ್ ಚಾರ್ಜ್ ನಿನ್ನದು. ಆಮ್ಲೆಟ್ಟಿನ ಬಾಕಿಯನ್ನೂ ಅದರಲ್ಲೇ ಸೇರಿಸಿ ಕಳಿಸು.

ನಿನ್ನ,
ಛತ್ರಿ ಮಾಸ್ತರ